ಕಲ್ಲಿನ ಮೇಲೆ ಯಾರ ಹೆಸರು?

ಓದುಗರ ಪ್ರಶ್ನೆ – ಅಂಕಣಕಾರರ ಉತ್ತರ

ಯುದ್ಧ ಸ್ಮಾರಕಗಳ ಕುರಿತು ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಮೈಸೂರು ಮತ್ತು ಮಂಡ್ಯ ಜಿಲ್ಲೆಗಳವು. ಒಂದೇ ಸಂಗತಿಯನ್ನು ಕೇಳಿದ ಪತ್ರಗಳನ್ನು ಒಂದಾಗಿಸಿ, ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಯುದ್ಧ ಸ್ಮಾರಕವೊಂದನ್ನು ನಿಲ್ಲಿಸಬೇಕೆಂದು ನಿವೃತ್ತ ಸೈನಿಕರೂ ನಿವಾಸಿಗಳೂ ಸೇರಿ ಯೋಚಿಸಿದ್ದೇವೆ. ಹೋರಾಡಿ ಮಡಿದ ಸೈನಿಕರ ಹೆಸರುಗಳು ಮಾತ್ರ ಇರಲಿ ಎಂದು ಕೆಲವರು, ಯುದ್ಧದಲ್ಲಿ ಸತ್ತ ನಾಗರಿಕರನ್ನೂ ಸೇರಿಸಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ. ನಾಗರಿಕರಿಗೂ ಸಲ್ಲುವ ಯುದ್ಧ ಸ್ಮಾರಕಗಳು ಎಲ್ಲಿಯಾದರೂ ಇವೆಯೇ? ಹಾಗೆ ಮಾಡಿದರೆ ಸೈನಿಕರ ಗೌರವಕ್ಕೆ ಕುಂದಾಗುವುದಿಲ್ಲವೇ?
– ನಿವೃತ್ತ ಶಿಕ್ಷಕರು, ಕುವೆಂಪುನಗರ, ಮೈಸೂರು

ಉತ್ತರ: ಇವೆ, ಕುಂದೂ ಆಗುವುದಿಲ್ಲ. ವಿಮಾನದಿಂದ ಬಾಂಬು ಹಾಕುವ ಪದ್ಧತಿ ಬಂದ ಮೇಲೆ ಯುದ್ಧವು ಗಡಿಯಲ್ಲಿ ನಿಲ್ಲದೆ ಊರೊಳಗೆ ಬಂತು. ನಮ್ಮ ದೇಶಕ್ಕೂ ಅದರ ಬಿಸಿ ತಟ್ಟಿದೆ. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಮ್ಡೆನ್ ಎಂಬ ಯುದ್ಧನೌಕೆ ಮದ್ರಾಸಿನ ಮೇಲೆ ಗುಂಡಿನ ಮಳೆಗರೆಯಿತು. 1942ರ ಏಪ್ರಿಲ್ 6ರಂದು ಜಪಾನಿನ ವಿಮಾನಗಳು ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. ಆ ವರ್ಷದ ಡಿಸೆಂಬರ್‌ನಲ್ಲಿ ಕಲ್ಕತ್ತದ ಸರದಿ ಬಂತು. ಇವುಗಳಲ್ಲಿ ಸತ್ತವರು ಬಂದರಿನ ಕೂಲಿಗಳು, ನಾವಿಕರು, ದಾರಿಹೋಕರು. ಅವರ ಹೆಸರುಗಳನ್ನು ಒಂದೆಡೆ ಬರೆದಿಡುವ ಕೆಲಸವನ್ನು ನಾವು ಮನಸ್ಸಿಟ್ಟು ಮಾಡಲಿಲ್ಲ.

ಬ್ರಿಟನ್ನಿನಲ್ಲಿ ಮಾಡಿದರು. 1917ರಲ್ಲಿ ಸೈನಿಕರ ಸಮಾಧಿಗಳಿಗಾಗಿಯೇ ಹುಟ್ಟಿದ ಯುದ್ಧ ಸಮಾಧಿಗಳ ಆಯೋಗವು ಎರಡನೆಯ ಮಹಾಯುದ್ಧದ ನಡುವೆ, ಬಾಂಬಿಗೆ ಬಲಿಯಾದ ನಾಗರಿಕರ ಹೆಸರುಗಳನ್ನು ದಾಖಲಿಸುವ ಹೊಣೆಯನ್ನೂ ಹೊತ್ತಿತು. ಅರುವತ್ತು ಸಾವಿರಕ್ಕೂ ಮೀರಿದ ಆ ಹೆಸರುಗಳು ಏಳು ಸಂಪುಟಗಳಲ್ಲಿ ಸೇರಿ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ, ಅಂದರೆ ಆ ದೇಶದ ಅರಸರಿಗೆ ಪಟ್ಟಾಭಿಷೇಕ ನಡೆಯುವ ಇಗರ್ಜಿಯಲ್ಲೇ ಇವೆ. ಹಿರೋಷಿಮಾದ ಶಾಂತಿ ಉದ್ಯಾನದಲ್ಲಿ 1952ರಲ್ಲಿ ನಿರ್ಮಿಸಿದ ಸ್ಮಾರಕದ ಕಮಾನಿನ ಕೆಳಗೆ ಒಂದು ಕಲ್ಲಿನ ಪೆಟ್ಟಿಗೆಯಿದೆ. ಅಣುಬಾಂಬಿಗೆ ತುತ್ತಾದವರ ಹೆಸರಿನ ಪಟ್ಟಿಗಳನ್ನು ಅದರೊಳಗೆ ಇಟ್ಟಿದ್ದಾರೆ. ಅಂದು ಬದುಕುಳಿದು ವರ್ಷಗಳ ಅನಂತರ ತೀರಿಕೊಂಡವರ ಹೆಸರುಗಳನ್ನೂ ಪ್ರತಿವರ್ಷ ಆಗಸ್ಟ್ 6ರಂದು ಸೇರಿಸುತ್ತ ಬಂದಿರುವುದರಿಂದ ಪಟ್ಟಿ ಈಗ 3 ಲಕ್ಷವನ್ನು ದಾಟಿದೆ. ಪಟ್ಟಿ ಮುಗಿಯಿತೆಂದು ಮುಚ್ಚಳ ಹಾಕದ ಈ ಕ್ರಮ ನನಗೆ ಬಹಳ ಮೆಚ್ಚುಗೆಯಾದದ್ದು.

ಮೈಸೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆಯೆಂದರೆ ಸಿಂಗಪುರ. 1942ರ ಫೆಬ್ರುವರಿ 15ರಂದು ಆ ನಗರವು ಜಪಾನೀಯರ ವಶವಾದಾಗ ಅಲ್ಲಿದ್ದ ಸೈನ್ಯದಲ್ಲಿ ನಮ್ಮ ಸಂಸ್ಥಾನದ ಮೈಸೂರು ಪದಾತಿ ಪಡೆಯೂ ಇತ್ತು. ಮಡಿದು ಸಮಾಧಿಯೂ ಇಲ್ಲದೆ ಹೋದ 24,000ಕ್ಕೂ ಹೆಚ್ಚು ಸೈನಿಕರ ಹೆಸರುಗಳು ನಗರದ ಹೊರವಲಯದ ಕ್ರಾಂಜಿಯಲ್ಲಿವೆ. ನಾಗರಿಕರಿಗಾಗಿ ನಗರದ ನಟ್ಟನಡುವೆ ಬೇರೆಯೇ ಸ್ಮಾರಕವಿದೆ. ಚೀನೀಯರು, ಮಲಯರು, ಭಾರತೀಯರು, ಯುರೇಷಿಯನ್ನರು ಎಂಬ ನಾಲ್ಕು ಜನವರ್ಗಗಳನ್ನು ಸೂಚಿಸುವ ನಾಲ್ಕು ಎತ್ತರದ ಕಂಬಗಳು ಒಂದೇ ಪೀಠದ ಮೇಲೆ ನಿಂತಿದ್ದು, ಸತ್ತವರ ಅಸ್ಥಿಗಳನ್ನು ಅದರಡಿಯಲ್ಲೇ ಹೂಳಲಾಗಿದೆ. 1967ರ ಫೆಬ್ರುವರಿ 15ರಂದು, ನಗರ ಬಿದ್ದ ದಿನಕ್ಕೆ ಸರಿಯಾಗಿ 25 ವರ್ಷ ತುಂಬಿದಾಗ ಅದು ಲೋಕಾರ್ಪಣೆಯಾಯಿತು. ಇದರಿಂದ ಕ್ರಾಂಜಿಯ ಸೈನಿಕರ ಗೌರವ ಕಡಿಮೆಯಾಯಿತೆಂದು ಯಾರೂ ಹೇಳಿದ್ದಿಲ್ಲ.

ಇಷ್ಟು ದೂರ ಹೋಗುವ ಅಗತ್ಯವೂ ಇರಲಿಲ್ಲ. ನಮ್ಮ ವೀರಗಲ್ಲುಗಳನ್ನೇ ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಈ ಮೂರು ಅಂತಸ್ತಿನ ಕಲ್ಲುಗಳು ಮೈಸೂರು, ಮಂಡ್ಯ ಜಿಲ್ಲೆಗಳ ಹಳ್ಳಿಗಳಲ್ಲಿ ಕೆರೆ ಏರಿಯ ಮೇಲೂ ಗುಡಿಯ ಬದಿಯಲ್ಲೂ ಇಂದಿಗೂ ಕಾಣಸಿಗುತ್ತವೆ. ಇವುಗಳಲ್ಲಿ ಅರಸರ ಯುದ್ಧದಲ್ಲಿ ಸತ್ತವರ ಕಲ್ಲುಗಳಿರುವಂತೆಯೇ, ತುರುಗೋಳಿನಲ್ಲಿ ಊರಿನ ದನಗಳನ್ನು ಬಿಡಿಸಲು ಹೋಗಿ ಸತ್ತವರ, ಊರಳಿವಿನಲ್ಲಿ ಸತ್ತವರ, ಹೆಂಗಸರ ಮಾನ ಕಾಯಲು ಹೋಗಿ ಸತ್ತವರ ಕಲ್ಲುಗಳೂ ಧಾರಾಳವಾಗಿವೆ. ಸತ್ತವನು ಸಂಬಳದ ಸೈನಿಕನೋ ಊರಿನ ಒಕ್ಕಲೋ ಎಂದು ಕಲ್ಲು ನೆಡುವವರು ಭೇದ ಮಾಡಲಿಲ್ಲ. ಆದುದರಿಂದ ನಾಗರಿಕರನ್ನು ಸೇರಿಸುವುದು ಹೊರನಾಡಿನಿಂದ ಬಂದ ಹೊಸ ಪದ್ಧತಿಯೆಂಬ ಆಕ್ಷೇಪ ನಮ್ಮ ನೆಲದಲ್ಲಿ ನಿಲ್ಲುವುದಿಲ್ಲ.

ನಿಮ್ಮ ಬಡಾವಣೆಯ ಮಟ್ಟಿಗೆ ನನ್ನ ಸಲಹೆ ಇಷ್ಟೆ: ಸ್ಥಳ ಒಂದೇ ಇರಲಿ, ಫಲಕಗಳು ಎರಡಿರಲಿ. ಸೈನಿಕರ ಫಲಕದಲ್ಲಿ ಹೆಸರಿನೊಂದಿಗೆ ಪದವಿ ಮತ್ತು ಪಡೆಯ ಹೆಸರು, ನಾಗರಿಕರ ಫಲಕದಲ್ಲಿ ಹೆಸರು, ಊರು, ಮಾಡುತ್ತಿದ್ದ ಕೆಲಸ. ಮೈಸೂರಿನ ಮೇಲೆ ಬಾಂಬು ಬೀಳಲಿಲ್ಲವಾದ್ದರಿಂದ ಎರಡನೆಯ ಫಲಕಕ್ಕೆ ಹೆಸರುಗಳು ಬರುವುದು ಹೊರಗೆ ಹೋಗಿ ಸತ್ತವರಿಂದ. 1942ರಲ್ಲಿ ಬರ್ಮಾದಿಂದ ಕಾಲ್ನಡಿಗೆಯಲ್ಲಿ ಹೊರಟು ದಾರಿಯಲ್ಲೇ ಅಳಿದ ಭಾರತೀಯರು ಅಸಂಖ್ಯರು. ಸರಕು ಹಡಗುಗಳಲ್ಲಿ ದುಡಿಯುತ್ತಿದ್ದು ಮುಳುಗಿದವರಿದ್ದಾರೆ. ಗಡಿರಸ್ತೆ ಕಡಿಯುವಾಗ ಸತ್ತ ಕಾರ್ಮಿಕರಿದ್ದಾರೆ. ಯಾವ ಸಾವು ಈ ಫಲಕಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರೂ ಒಪ್ಪಿದ ಮೇಲೆಯೇ ಹೆಸರು ಕೇಳಲು ಹೊರಡಿ. ಹೆಸರುಗಳನ್ನು ತಂದ ಮೇಲೆ ನಿಯಮ ಮಾಡಲು ಕೂತರೆ ಒಬ್ಬೊಬ್ಬ ಸತ್ತವರ ಬಗ್ಗೆಯೂ ಅವರ ಮನೆಯವರ ಎದುರಿನಲ್ಲೇ ವಾದ ಮಾಡಬೇಕಾದ ಸಂಕಟ ಬರುತ್ತದೆ.

ಪ್ರಶ್ನೆ: ಪುಲ್ವಾಮಾ ದಾಳಿಯಲ್ಲಿ ಹುತಾತ್ಮರಾದ ನಮ್ಮ ಗುಡಿಗೆರೆಯ ಗುರು ಅವರ ಹೆಸರು ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದಲ್ಲಿ ಇರಬೇಕಿತ್ತಲ್ಲವೇ? ಇಲ್ಲವೆಂದು ಹೇಳುತ್ತಾರೆ, ಏಕೆ?
– ಮದ್ದೂರು

ಉತ್ತರ: 2019ರ ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಮಡಿದ 40 ಮಂದಿಯೂ ಸಿಆರ್‌ಪಿಎಫ್‌ಗೆ, ಅಂದರೆ ಕೇಂದ್ರೀಯ ಮೀಸಲು ಪೊಲೀಸ್ ಪಡೆಗೆ ಸೇರಿದವರು. ಅದಾದ ಹನ್ನೊಂದನೆಯ ದಿನ, ಫೆಬ್ರುವರಿ 25ರಂದು, ಇಂಡಿಯಾ ಗೇಟ್ ಬಳಿ ರಾಷ್ಟ್ರೀಯ ಯುದ್ಧ ಸ್ಮಾರಕದ ಉದ್ಘಾಟನೆಯಾದ್ದರಿಂದ ಇವೆರಡೂ ಜನರ ಮನಸ್ಸಿನಲ್ಲಿ ಒಂದರೊಡನೊಂದು ಬೆಸೆದುಕೊಂಡಿವೆ. ಆದರೆ ಆ ಸ್ಮಾರಕ ರಕ್ಷಣಾ ಸಚಿವಾಲಯದ ಅಧೀನದ ಭೂಸೇನೆ, ನೌಕಾಸೇನೆ, ವಾಯುಸೇನೆಗಳಿಗೆ ಮೀಸಲಾದದ್ದು. ಅಮರ ಚಕ್ರ, ವೀರತಾ ಚಕ್ರ, ತ್ಯಾಗ ಚಕ್ರ, ರಕ್ಷಕ ಚಕ್ರ ಎಂಬ ನಾಲ್ಕು ವೃತ್ತಗಳಲ್ಲಿ ಅದು ಹರಡಿದೆ. ತ್ಯಾಗ ಚಕ್ರದ ಗೋಡೆಗಳಲ್ಲಿ, ಸ್ವಾತಂತ್ರ್ಯಾನಂತರದ ಯುದ್ಧಗಳಲ್ಲಿ ಹಾಗೂ ಕಾರ್ಯಾಚರಣೆಗಳಲ್ಲಿ ಮಡಿದ 25,000ಕ್ಕೂ ಹೆಚ್ಚು ಯೋಧರ ಹೆಸರುಗಳು ಗ್ರಾನೈಟ್ ಫಲಕಗಳ ಮೇಲಿವೆ.

ಸಿಆರ್‌ಪಿಎಫ್ ಗೃಹ ಸಚಿವಾಲಯದ ಅಧೀನದ ಪಡೆ. ಅದರ ಹುತಾತ್ಮರಿಗೆ ಸಲ್ಲುವುದು ದೆಹಲಿಯ ಚಾಣಕ್ಯಪುರಿಯಲ್ಲಿ 2018ರ ಅಕ್ಟೋಬರ್ 21ರಂದು ಉದ್ಘಾಟನೆಯಾದ ರಾಷ್ಟ್ರೀಯ ಪೊಲೀಸ್ ಸ್ಮಾರಕ. ಅಲ್ಲಿನ ಶೌರ್ಯದ ಗೋಡೆಯ ಮೇಲೆ ಆರಂಭದಲ್ಲೇ 34,000ಕ್ಕೂ ಹೆಚ್ಚು ಹೆಸರುಗಳಿದ್ದವು. ಅಕ್ಟೋಬರ್ 21 ಎಂಬ ದಿನವೂ ಸುಮ್ಮನೆ ಆರಿಸಿದ್ದಲ್ಲ. 1959ರಲ್ಲಿ ಅದೇ ದಿನ ಲಡಾಖಿನ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಚೀನೀ ಪಡೆಗಳ ಗುಂಡಿಗೆ 10 ಮಂದಿ ಪೊಲೀಸರು ಬಲಿಯಾದರು. ಪ್ರತಿವರ್ಷ ದೇಶದೆಲ್ಲೆಡೆ ಪೊಲೀಸ್ ಹುತಾತ್ಮರ ದಿನವನ್ನು ಆಚರಿಸುವುದು ಆ ನೆನಪಿನಲ್ಲೇ.

ದೆಹಲಿಯಲ್ಲಿ ಸಚಿವಾಲಯಗಳ ಲೆಕ್ಕದಲ್ಲಿ ಎರಡು ಸ್ಮಾರಕಗಳಿರುವುದು ಅರ್ಥವಾಗುತ್ತದೆ. ಮದ್ದೂರಿನಲ್ಲೋ ಮಂಡ್ಯದಲ್ಲೋ ಕಟ್ಟುವ ಸ್ಮಾರಕಕ್ಕೆ ಆ ವಿಂಗಡಣೆ ಬೇಕಾಗಿಲ್ಲ. ಊರಿನ ದೃಷ್ಟಿಯಲ್ಲಿ ಭೂಸೇನೆಯವನೂ ಸಿಆರ್‌ಪಿಎಫ್‌ನವನೂ ಗಡಿ ಭದ್ರತಾ ಪಡೆಯವನೂ ಒಂದೇ ಬೀದಿಯಿಂದ ಟ್ರಂಕು ಹೊತ್ತು ಹೊರಟವರು.

ಪ್ರಶ್ನೆ: ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತಿರುವ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು ಎಂಬುದು ನಿಜವೇ? ನಮ್ಮ ಸೈನ್ಯಕ್ಕೆ ನಮ್ಮ ರಾಜ್ಯದಲ್ಲಿ ಸ್ಮಾರಕವಿಲ್ಲವೇ?
– ಕಾಲೇಜು ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನಿಜ. ಮೊದಲ ಮಹಾಯುದ್ಧದಲ್ಲಿ ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಅಶ್ವದಳಗಳು ಸೇರಿ 15ನೆಯ ಅಶ್ವಾರೋಹಿ ಬ್ರಿಗೇಡ್ ಆಗಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಂಗಗಳಲ್ಲಿ ಹೋರಾಡಿದವು. ತೀನ್ ಮೂರ್ತಿಯ ಕಂಚಿನ ಪ್ರತಿಮೆಗಳು ಈ ಮೂರು ಸಂಸ್ಥಾನಗಳ ಸೈನಿಕರವು. ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್.

1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ನಡೆದ ದಾಳಿ ಇವರ ಹೆಸರನ್ನು ಉಳಿಸಿತು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ಹೊಳೆ, ನಡುವೆ ಇಕ್ಕಟ್ಟಾದ ದಾರಿ, ಬೆಟ್ಟದ ಮೇಲೆ ಶತ್ರುವಿನ ಫಿರಂಗಿಗಳು ಮತ್ತು ಮಶಿನ್‌ಗನ್‌ಗಳು. ಕೆಳಗಿನ ದಾರಿಯಲ್ಲಿ ಜೋಧಪುರದವರು ಕುದುರೆಗಳನ್ನು ನಾಗಾಲೋಟಕ್ಕೆ ಬಿಡುವ ಮೊದಲು ಮೇಲಿನ ಫಿರಂಗಿಗಳ ಬಾಯಿ ಕಟ್ಟಬೇಕಿತ್ತು. ಆ ಕಡಿದಾದ ಇಳಿಜಾರನ್ನು ಹತ್ತಿ ಹೋದವರು ಮೈಸೂರು ಲ್ಯಾನ್ಸರ್ಸ್‌ನವರು. ಜೋಧಪುರದ ಮೇಜರ್ ದಲಪತ್ ಸಿಂಗ್ ಆ ದಿನ ಮಡಿದರು. ಹೈಫಾ ಎಂದರೆ ಅವರ ಹೆಸರನ್ನೇ ಎಲ್ಲರೂ ಹೇಳುತ್ತಾರೆ, ಬೆಟ್ಟ ಹತ್ತಿದವರ ಮಾತು ಹಿಂದೆ ಬೀಳುತ್ತದೆ. ಯುದ್ಧ ನಿಲ್ಲುವುದಕ್ಕೆ ಕೆಲವೇ ದಿನ ಮೊದಲು, ಅಕ್ಟೋಬರ್ 26ರಂದು, ಅಲೆಪ್ಪೊ ಬಳಿಯ ಹರಿತಾನ್‌ನಲ್ಲಿ ನಡೆದ ಕಾಳಗದಲ್ಲೂ ಮೈಸೂರಿನ ಸವಾರರಿದ್ದರು.

ಅವರ ನೆನಪಿನ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ದೆಹಲಿಯ ವೃತ್ತಕ್ಕೆ 2018ರ ಜನವರಿಯಲ್ಲಿ ತೀನ್ ಮೂರ್ತಿ ಹೈಫಾ ಚೌಕ್ ಎಂದು ಹೆಸರಿಟ್ಟಾಗ ಪತ್ರಿಕೆಗಳೆಲ್ಲ ಬರೆದವು. ಬೆಂಗಳೂರಿನ ಸ್ಮಾರಕದ ಮುಂದೆ ದಿನವೂ ಓಡಾಡುವವರಲ್ಲಿ ಎಷ್ಟು ಮಂದಿ ಅದನ್ನು ತಿರುಗಿ ನೋಡುತ್ತಾರೋ ಹೇಳಲಾರೆ. 1953ರಲ್ಲಿ ಸಂಸ್ಥಾನಗಳ ಅಶ್ವದಳಗಳನ್ನು ಒಂದುಗೂಡಿಸಿ ರಚಿಸಿದ 61ನೆಯ ಅಶ್ವದಳದಲ್ಲಿ ಮೈಸೂರು ಲ್ಯಾನ್ಸರ್ಸ್ ಕೂಡ ವಿಲೀನವಾಯಿತು. ಜೈಪುರದಲ್ಲಿರುವ ಆ ದಳ ಇಂದಿಗೂ ಸೆಪ್ಟೆಂಬರ್ 23ನ್ನು ಹೈಫಾ ದಿನವಾಗಿ ಆಚರಿಸುತ್ತದೆ. ಮೈಸೂರಿನಲ್ಲಿ ಹೊಸ ಸ್ಮಾರಕ ಕಟ್ಟುವವರು ಈ ಹೆಸರುಗಳನ್ನು ಮರೆಯಬಾರದೆಂಬುದು ನನ್ನ ಕೋರಿಕೆ. ಸ್ವಾತಂತ್ರ್ಯಪೂರ್ವದವರು ಬ್ರಿಟಿಷರಿಗಾಗಿ ಹೋರಾಡಿದವರಲ್ಲವೇ ಎಂದು ಕೈಬಿಡುವುದು ಸುಲಭ. ಆದರೆ ಯಾವ ಯುದ್ಧಕ್ಕೆ ಹೋಗಬೇಕೆಂಬುದನ್ನು ತೀರ್ಮಾನಿಸಿದವರು ಅವರಲ್ಲ.

ಪ್ರಶ್ನೆ: ಶ್ರೀರಂಗಪಟ್ಟಣದ ಕೋಟೆ ಒಡೆದ ಜಾಗದಲ್ಲಿರುವ ಎತ್ತರದ ಸ್ಮಾರಕ ಸ್ತಂಭ ಯಾರದ್ದು? ಟಿಪ್ಪು ಸುಲ್ತಾನನ ಸೈನಿಕರ ಹೆಸರು ಅದರ ಮೇಲೆ ಏಕಿಲ್ಲ?
– ಗಂಜಾಂ, ಶ್ರೀರಂಗಪಟ್ಟಣ

ಉತ್ತರ: 1799ರ ಮೇ 4ರಂದು ಜನರಲ್ ಹ್ಯಾರಿಸ್ ನೇತೃತ್ವದ ಸೈನ್ಯ ಕೋಟೆಯ ಗೋಡೆ ಒಡೆದು ಒಳನುಗ್ಗಿತು, ಟಿಪ್ಪು ಸುಲ್ತಾನ ಹೋರಾಡುತ್ತಲೇ ಮಡಿದ. ನೀವು ಹೇಳುವ ಸ್ತಂಭವನ್ನು ನಿಲ್ಲಿಸಿದ್ದು ಅದಾಗಿ ನೂರು ವರ್ಷಗಳ ಮೇಲೆ, 1907ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಸರ್ಕಾರ. ಮುತ್ತಿಗೆಯನ್ನೂ ಅದರಲ್ಲಿ ಮಡಿದ ಬ್ರಿಟಿಷ್ ಪಕ್ಷದ ಅಧಿಕಾರಿಗಳನ್ನೂ ನೆನೆಯುವುದು ಅದರ ಉದ್ದೇಶವೆಂದು ಅಲ್ಲಿನ ಬರಹವೇ ತಿಳಿಸುತ್ತದೆ. ಎಂದ ಮೇಲೆ ಟಿಪ್ಪುವಿನ ಸೈನಿಕರ ಹೆಸರನ್ನು ಅಲ್ಲಿ ಹುಡುಕಿ ಫಲವಿಲ್ಲ. ಗೆದ್ದವರ ಕಲ್ಲಿನಲ್ಲಿ ಸೋತವರಿಗೆ ಜಾಗ ಸಿಕ್ಕಿದ್ದು ಯಾವ ನಾಡಿನಲ್ಲೂ ಅಪರೂಪ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಹ್ಯಾರಿಸನ ಸೈನ್ಯದ ಬಹುಪಾಲು ಮಂದಿ ಮದ್ರಾಸು, ಮುಂಬಯಿ ಪ್ರಾಂತಗಳ ಸಿಪಾಯಿಗಳು ಮತ್ತು ನಿಜಾಮನ ಪಡೆಯವರು. ಗೆದ್ದ ಪಕ್ಷದಲ್ಲಿದ್ದರೂ ಆ ಸಾಮಾನ್ಯ ಸಿಪಾಯಿಗಳ ಹೆಸರನ್ನು ಕಲ್ಲಿನ ಮೇಲೆ ಬರೆಯುವ ಗೊಡವೆಗೆ ಯಾರೂ ಹೋಗಲಿಲ್ಲ. ಇದು ಶ್ರೀರಂಗಪಟ್ಟಣಕ್ಕೆ ಮಾತ್ರ ಸೀಮಿತವಾದ ಅಭ್ಯಾಸವಲ್ಲ. ಮೊದಲ ಮಹಾಯುದ್ಧದಲ್ಲಿ ಇರಾಕಿನಲ್ಲಿ ಮಡಿದವರಿಗಾಗಿ ಕಟ್ಟಿದ ಬಸ್ರಾ ಸ್ಮಾರಕದಲ್ಲಿ ಬ್ರಿಟಿಷ್ ಸೈನಿಕರ ಹೆಸರುಗಳನ್ನು ಕೆತ್ತಿದರು. 33,000ಕ್ಕೂ ಹೆಚ್ಚು ಭಾರತೀಯ ಸಾಮಾನ್ಯ ಸೈನಿಕರನ್ನು ಬರೀ ಸಂಖ್ಯೆಯಾಗಿ ನಮೂದಿಸಿದರು. ಏಷ್ಯಾ ಮತ್ತು ಆಫ್ರಿಕಾದ ಕನಿಷ್ಠ ಒಂದು ಲಕ್ಷಕ್ಕೂ ಹೆಚ್ಚು ಮಂದಿಗೆ ಹೆಸರಿನ ಗೌರವವೇ ದೊರೆಯಲಿಲ್ಲವೆಂದು ಯುದ್ಧ ಸಮಾಧಿಗಳ ಆಯೋಗ ತನ್ನ 2021ರ ವರದಿಯಲ್ಲಿ ತಾನೇ ಒಪ್ಪಿಕೊಂಡು ಕ್ಷಮೆ ಕೇಳಿತು.

ಪಟ್ಟಣದ ಜನರ ಗತಿಯೂ ಹೀಗೆಯೇ. ಕೋಟೆ ಬಿದ್ದ ರಾತ್ರಿ ನುಗ್ಗಿದ ಸೈನ್ಯ ಮನೆಮನೆಗಳನ್ನು ಸೂರೆಗೊಂಡಿತು; ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವು ಸೈನಿಕರನ್ನು ಗಲ್ಲಿಗೇರಿಸಿದ ಮೇಲೆಯೇ ಲೂಟಿ ತಹಬಂದಿಗೆ ಬಂದದ್ದು. ಆ ಮನೆಗಳಲ್ಲಿ ಸತ್ತವರಿಗೆ ಯಾವ ಕಲ್ಲೂ ಇಲ್ಲ. ಇತ್ತ ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನದಲ್ಲಿ ಸುಮಾರು 300 ಗೋರಿಗಳಿವೆ. ಬ್ರಿಟಿಷರ ಸೇವೆಯಲ್ಲಿದ್ದ ಡಿ ಮ್ಯೂರಾನ್ ಎಂಬ ಸ್ವಿಸ್ ದಳದವರೂ ಅಲ್ಲಿ ಮಲಗಿದ್ದಾರೆ. ಪಾಳುಬಿದ್ದಿದ್ದ ಆ ಜಾಗವನ್ನು ಜೀರ್ಣೋದ್ಧಾರ ಮಾಡಿಸಲು ಮುಂದೆ ಬಂದವರು ಆ ದಳಕ್ಕೆ ಹೆಸರು ಕೊಟ್ಟ ಡಿ ಮ್ಯೂರಾನ್ ಮನೆತನದ ವಂಶಸ್ಥರು.

ಹಳೆಯ ಸ್ತಂಭವನ್ನು ಕೀಳಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಅದು 1907ರ ಮನೋಧರ್ಮಕ್ಕೆ ಸಾಕ್ಷಿ, ಇರಲಿ. ಕೋಟೆ ರಕ್ಷಿಸುತ್ತ ಸತ್ತವರಿಗೂ ಪಟ್ಟಣದ ಜನರಿಗೂ ಸಲ್ಲುವ ಇನ್ನೊಂದು ಕಲ್ಲು ಬೇಕೆನ್ನುವುದು ನ್ಯಾಯವಾದ ಬೇಡಿಕೆ. ಒಂದು ಎಚ್ಚರಿಕೆ: ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಶ್ರೀರಂಗಪಟ್ಟಣದಲ್ಲಿ ಎಲ್ಲಿ ನಿಂತರೂ ಇಂಥ ಒಂದು ಸ್ಮಾರಕ ಹತ್ತಿರದಲ್ಲೇ ಇರುತ್ತದೆ. ಜಾಗ ಗೊತ್ತುಮಾಡುವ ಮೊದಲು ಇಲಾಖೆಯನ್ನು ಕೇಳಿಕೊಳ್ಳಿ.

ಪ್ರಶ್ನೆ: ಶಿವಪುರದ ಸತ್ಯಾಗ್ರಹ ಸೌಧವನ್ನು ಯುದ್ಧ ಸ್ಮಾರಕವೆಂದು ಕರೆಯಬಹುದೇ?
– ಕೆ.ಎಂ. ದೊಡ್ಡಿ

ಉತ್ತರ: ಬೇಡ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ನಡೆದದ್ದು ನಿಷೇಧಾಜ್ಞೆಯನ್ನು ಮುರಿದು ಧ್ವಜ ಹಾರಿಸಿದ ಸತ್ಯಾಗ್ರಹ; ಆಯುಧ ಹಿಡಿಯದಿರುವುದೇ ಅದರ ಹಿರಿಮೆ. ಮೈಸೂರಿನ ರಾಮಸ್ವಾಮಿ ವೃತ್ತದ ಮಾತೂ ಇದೇ: 1947ರ ಸೆಪ್ಟೆಂಬರ್‌ನಲ್ಲಿ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿ ರಾಮಸ್ವಾಮಿಯ ಹೆಸರು ಅದಕ್ಕಿದೆ. ಇವರನ್ನು ಯುದ್ಧದ ಪಟ್ಟಿಗೆ ಎಳೆದು ತಂದರೆ ಅವರು ಆರಿಸಿಕೊಂಡ ದಾರಿಗೇ ಅಪಚಾರ.

ಪ್ರಶ್ನೆ: ಹೆಸರುಗಳನ್ನು ಯಾವ ಕ್ರಮದಲ್ಲಿ ಕೆತ್ತಿಸಬೇಕು? ಪದವಿಯಲ್ಲಿ ಹಿರಿಯರಾದ ಅಧಿಕಾರಿಗಳು ಮೊದಲು ಬರಬೇಡವೇ? ಕನ್ನಡದಲ್ಲೇ ಕೆತ್ತಿಸಬಹುದೇ?
– ನಂಜನಗೂಡು

ಉತ್ತರ: ಪದವಿಯ ಕ್ರಮ ಬೇಡವೆಂಬುದೇ ನನ್ನ ಖಚಿತ ಅಭಿಪ್ರಾಯ. ಸತ್ತ ಮೇಲೆ ಮೇಜರನಿಗೂ ಸಿಪಾಯಿಗೂ ಒಂದೇ ಅಳತೆಯ ಕಲ್ಲು ಎಂಬುದನ್ನು ಯುದ್ಧ ಸಮಾಧಿಗಳ ಆಯೋಗ ಆರಂಭದಿಂದಲೇ ತತ್ತ್ವವಾಗಿ ಘೋಷಿಸಿತ್ತು. ಆಚರಣೆಯಲ್ಲಿ ಅದು ಎಲ್ಲಿ ಎಡವಿತೆಂಬುದನ್ನು ಮೇಲೆಯೇ ಹೇಳಿದ್ದೇನೆ. ವಾಷಿಂಗ್ಟನ್ನಿನಲ್ಲಿ 1982ರಲ್ಲಿ ನಿರ್ಮಿಸಿದ ವಿಯೆಟ್ನಾಂ ಯುದ್ಧದ ಸ್ಮಾರಕದಲ್ಲಿ 58,000ಕ್ಕೂ ಹೆಚ್ಚು ಹೆಸರುಗಳು ಸಾವಿನ ದಿನಾಂಕದ ಕ್ರಮದಲ್ಲಿವೆ. ಒಟ್ಟಿಗೆ ಹೋರಾಡಿ ಒಂದೇ ದಿನ ಸತ್ತವರು ಅಲ್ಲಿ ಅಕ್ಕಪಕ್ಕದಲ್ಲೇ ಇರುತ್ತಾರೆ. ನಿಮ್ಮ ತಾಲ್ಲೂಕಿನ ಚಿಕ್ಕ ಪಟ್ಟಿಗೂ ಇದೇ ಕ್ರಮ ಒಪ್ಪುತ್ತದೆ. 1962, 1965, 1971, 1999 ಎಂದು ವರ್ಷಗಳನ್ನು ಪಕ್ಕದಲ್ಲಿ ಕೊಟ್ಟರೆ ಓದುವ ಮಕ್ಕಳಿಗೆ ಇತಿಹಾಸವೂ ತಿಳಿಯುತ್ತದೆ.

ಕನ್ನಡದಲ್ಲಿ ಕೆತ್ತಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಆದರೆ ಸೈನ್ಯದ ದಾಖಲೆಯಲ್ಲಿ ನಮ್ಮ ಕಡೆಯ ಹೆಸರುಗಳು ಇಂಗ್ಲಿಷಿನಲ್ಲಿ, ಇನಿಷಿಯಲ್ ಸಮೇತ ಇರುತ್ತವೆ. ಹಳೆಯ ಮೈಸೂರಿನ ಕಡೆ ಆ ಎರಡಕ್ಷರಗಳಲ್ಲಿ ಊರಿನ ಹೆಸರೂ ತಂದೆಯ ಹೆಸರೂ ಅಡಗಿರುತ್ತವೆ. ಮನೆಯವರನ್ನು ಕೇಳಿ ಅವುಗಳನ್ನು ಬಿಡಿಸಿ ಪೂರ್ತಿ ಬರೆಯಿಸಿ. ಐವತ್ತು ವರ್ಷ ಕಳೆದ ಮೇಲೆ ಕಲ್ಲಿನ ಮುಂದೆ ನಿಂತವರಿಗೆ ಇವರು ಯಾರ ಮಗ, ಯಾವ ಹಳ್ಳಿ ಎಂಬುದು ತಿಳಿಯುವುದು ಆ ಎರಡು ಪದಗಳಿಂದಲೇ. ಕಾಗುಣಿತವನ್ನು ತಾಯಿಯೋ ಹೆಂಡತಿಯೋ ಒಪ್ಪಿ ಸಹಿ ಹಾಕಿದ ಮೇಲೆಯೇ ಕಲ್ಲುಕುಟಿಗರ ಕೈಗೆ ಕೊಡಿ. ಒತ್ತಕ್ಷರಗಳಿರುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಅಂತರ ಬೇಕು. ಕಂಪ್ಯೂಟರಿನ ತೆಳುವಾದ ಅಕ್ಷರಗಳನ್ನು ಮೇಲುಮೇಲೆ ಕೊರೆದು ಬಣ್ಣ ತುಂಬಿದರೆ ಬಣ್ಣ ಹೋದ ದಿನವೇ ಹೆಸರೂ ಹೋಗುತ್ತದೆ. ಆಳವಾಗಿ ಕೆತ್ತಿದ ಅಕ್ಷರಕ್ಕೆ ಬಣ್ಣದ ಹಂಗಿಲ್ಲ. ಚಾಮರಾಜನಗರದ ಕರಿಕಲ್ಲು ಹತ್ತಿರದಲ್ಲೇ ಸಿಗುವಾಗ ಟೈಲ್ಸ್ ಅಂಟಿಸುವ ಯೋಚನೆಯನ್ನು ದಯವಿಟ್ಟು ಬಿಡಿ.

ಪ್ರಶ್ನೆ: ವಿದ್ಯಾರ್ಥಿಗಳನ್ನು ಕರೆದೊಯ್ದು ತೋರಿಸಲು ಮೈಸೂರಿಗೆ ಹತ್ತಿರದಲ್ಲಿ ಏನಿದೆ?
– ಪ್ರೌಢಶಾಲಾ ಶಿಕ್ಷಕಿ, ಹುಣಸೂರು

ಉತ್ತರ: ಹುಣಸೂರಿನಿಂದ ಮಡಿಕೇರಿಯೇ ಸುಲಭ. ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರ ಫೆಬ್ರುವರಿಯಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಆವರಣದಲ್ಲೇ ಯುದ್ಧ ಸ್ಮಾರಕವೂ ಇದೆ. 1965ರ ಯುದ್ಧದಲ್ಲಿ ಸರ್ಗೋಧಾ ದಾಳಿಗೆ ಹೋಗಿ ಮರಳಿ ಬಾರದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಕಥೆಯನ್ನು ಮಕ್ಕಳಿಗೆ ಅಲ್ಲಿಯೇ ಹೇಳಿ: ಅವರು ಶತ್ರುವಿನ ವಿಮಾನವನ್ನು ಹೊಡೆದುರುಳಿಸಿದ್ದು ಬಹಳ ಕಾಲದ ಅನಂತರ ಬೆಳಕಿಗೆ ಬಂದು, ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಬೆಂಗಳೂರಿಗೆ ಹೋಗುವುದಾದರೆ ಬಸವೇಶ್ವರ ವೃತ್ತದ ಬಳಿಯ ರಾಷ್ಟ್ರೀಯ ಸೈನಿಕ ಸ್ಮಾರಕವನ್ನು ತೋರಿಸಿ. ಏಕಶಿಲೆಯ ವೀರಗಲ್ಲು ಅಲ್ಲಿದೆ.

ಪ್ರಶ್ನೆ: ನಮ್ಮೂರಿನ ವೃತ್ತದಲ್ಲಿ ಬಹಳ ಉತ್ಸಾಹದಿಂದ ಯೋಧರ ಸ್ಮಾರಕ ಕಟ್ಟಿದರು. ಈಗ ಅದರ ಸುತ್ತ ಗಿಡಗಂಟಿ ಬೆಳೆದಿದೆ; ಹಬ್ಬ ಬಂದರೆ ಅದರ ಸರಪಳಿಗೇ ಫ್ಲೆಕ್ಸ್ ಕಟ್ಟುತ್ತಾರೆ. ಹೇಳುವವರು ಕೇಳುವವರು ಯಾರು?
– ಪಾಂಡವಪುರ

ಉತ್ತರ: ನಿಮ್ಮ ಜಿಲ್ಲೆಯದ್ದೇ ಆದ ಒಂದು ಶಾಸನದಿಂದ ಉತ್ತರವನ್ನು ಆರಂಭಿಸುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲು ಕ್ರಿ.ಶ. 949–50ರದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿ ಕೊಂದ ಸಂಗತಿ ಅದರಲ್ಲಿದೆ. ಆದರೆ ಆ ಕಲ್ಲು ನಿಂತದ್ದು ಯಾವ ಅರಸನಿಗೂ ಅಲ್ಲ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ಆ ಕಾಳಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ನೆಟ್ಟ ಕಲ್ಲು ಅದು. ನಾಯಿ ಹಂದಿಗಳ ಕಾಳಗದ ಚಿತ್ರವೂ ಅದರ ಮೇಲಿದೆ.

ನಿಮ್ಮ ಪ್ರಶ್ನೆಗೆ ಸಂಬಂಧಿಸಿದ್ದು ಶಾಸನದ ಕೊನೆಯ ಭಾಗ. ಕಲ್ಲಿನ ಪೂಜೆಗಾಗಿ ಕೆರೆಯ ಕೆಳಗಿನ ಗದ್ದೆಯನ್ನು ಅಲ್ಲಿ ದತ್ತಿ ಬಿಡಲಾಗಿದೆ. ಅಷ್ಟಕ್ಕೇ ನಿಲ್ಲದೆ, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುತ್ತಾನೆಂದೂ ಬರೆಯಿಸಿದ್ದಾರೆ. ಯಾರು ನೋಡಿಕೊಳ್ಳಬೇಕು, ಅದರ ಖರ್ಚು ಎಲ್ಲಿಂದ, ನೋಡಿಕೊಳ್ಳದಿದ್ದರೆ ಏನು ಎಂಬ ಮೂರೂ ಆ ಒಂದೇ ಕಲ್ಲಿನ ಮೇಲೆ ಇವೆ. ಹೋರಾಟದಲ್ಲಿ ಸತ್ತವರ ಮನೆಯವರಿಗೆ ನೆತ್ತರುಗೊಡಗೆಯೆಂದು ಜಮೀನು ಬಿಡುತ್ತಿದ್ದ ಪದ್ಧತಿಯೂ ಆ ಕಾಲದಲ್ಲಿ ಇದ್ದದ್ದೇ. ಇಂದಿನ ಶಿಲಾನ್ಯಾಸದ ಫಲಕಗಳಲ್ಲಿ ಶಾಸಕರು, ಸಂಸದರು, ಅಧ್ಯಕ್ಷರು, ಗುತ್ತಿಗೆದಾರರು ಎಲ್ಲರ ಹೆಸರೂ ಸಿಗುತ್ತದೆ. ನಾಳೆ ಕಸ ಗುಡಿಸುವ ಹೊಣೆ ಯಾರದೆಂಬ ಒಂದು ಸಾಲು ಮಾತ್ರ ಸಿಗುವುದಿಲ್ಲ.

ಈಗ ನೀವು ಮಾಡಬಹುದಾದದ್ದು. ಸ್ಮಾರಕ ಸ್ಥಳೀಯ ಸಂಸ್ಥೆಯ ಜಾಗದಲ್ಲಿದ್ದರೆ ಅದರ ನಿರ್ವಹಣೆಯನ್ನು ವಹಿಸಿಕೊಂಡ ಠರಾವು ಇದೆಯೇ ಎಂದು ಲಿಖಿತವಾಗಿ ಕೇಳಿ. ಇಲ್ಲವಾದರೆ ಠರಾವು ಮಾಡಿಸುವುದೇ ಮೊದಲ ಕೆಲಸ. ನಿವೃತ್ತ ಸೈನಿಕರ ಸಂಘದ ಜೊತೆ ಸೇರಿ ಒಂದು ಠೇವಣಿ ಇರಿಸಿ, ಅದರ ಬಡ್ಡಿಯಿಂದ ಗುಡಿಸುವವರಿಗೆ ತಿಂಗಳ ಸಂಬಳ ಗೊತ್ತುಮಾಡಿ. ವರ್ಷಕ್ಕೊಮ್ಮೆ ಹೂಹಾರ ಹಾಕುವವರು ಎಲ್ಲ ಊರಲ್ಲೂ ಇದ್ದಾರೆ, ಅವರಿಗೇನೂ ಬರವಿಲ್ಲ. ಜುಲೈ 26ರ ಕಾರ್ಗಿಲ್ ವಿಜಯ ದಿನ, ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ, ಡಿಸೆಂಬರ್ 16ರ ವಿಜಯ ದಿನ, ಇವುಗಳಿಗೆ ಒಂದು ವಾರ ಮುಂಚೆ ದುರಸ್ತಿಯ ಪರಿಶೀಲನೆ ನಡೆಯಬೇಕೆಂದು ಠರಾವಿನಲ್ಲೇ ಸೇರಿಸಬಹುದು. ಫ್ಲೆಕ್ಸ್ ಕಟ್ಟುವುದರ ವಿರುದ್ಧ ಕರ್ನಾಟಕ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ 1981ರಿಂದಲೂ ಇದೆ. ಫೋಟೊ ಸಮೇತ ಸ್ಥಳೀಯ ಸಂಸ್ಥೆಗೂ ಪೊಲೀಸ್ ಠಾಣೆಗೂ ದೂರು ಕೊಡಿ.

ಹೊಸದಾಗಿ ಕಟ್ಟುವವರಿಗೆ, ಕುವೆಂಪುನಗರದ ಶಿಕ್ಷಕರಿಗೂ ಸೇರಿದಂತೆ, ಇನ್ನೊಂದು ಮಾತು: ಸಾರ್ವಜನಿಕ ರಸ್ತೆ ಮತ್ತು ಪಾದಚಾರಿ ಮಾರ್ಗಗಳಲ್ಲಿ ಪ್ರತಿಮೆ, ಕಟ್ಟಡಗಳಿಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಉದ್ಯಾನಗಳೊಳಗಿನ ನಿರ್ಮಾಣಕ್ಕೆ 1985ರ ಕರ್ನಾಟಕ ಉದ್ಯಾನ ಮತ್ತು ಆಟದ ಮೈದಾನಗಳ ಕಾಯ್ದೆಯ ಮಿತಿಗಳಿವೆ. ಆದುದರಿಂದ ವೃತ್ತದ ಆಸೆ ಬಿಟ್ಟು, ಉದ್ಯಾನವಾದರೆ ಪಾಲಿಕೆಯ ಲಿಖಿತ ಅನುಮತಿ ಕೈಗೆ ಬಂದ ಮೇಲೆ, ಚಿಕ್ಕದಾದ ಕಲ್ಲೊಂದನ್ನು ನೆಡುವುದು ವಿವೇಕ.

ಪ್ರಶ್ನೆ: ಸ್ಮಾರಕವೆಂದರೆ ನಂದಾಜ್ಯೋತಿ ಇರಲೇಬೇಕೇ?
– ಸರಸ್ವತಿಪುರಂ, ಮೈಸೂರು

ಉತ್ತರ: ಇಲ್ಲ. ಇಂಡಿಯಾ ಗೇಟ್ 1931ರಲ್ಲಿ ಉದ್ಘಾಟನೆಯಾದಾಗ ಅದರ ಅಡಿಯಲ್ಲಿ ಜ್ಯೋತಿ ಇರಲಿಲ್ಲ. ಅಮರ ಜವಾನ್ ಜ್ಯೋತಿ ಬೆಳಗಿದ್ದು ಬಾಂಗ್ಲಾ ವಿಮೋಚನಾ ಯುದ್ಧದ ಅನಂತರ, 1972ರ ಜನವರಿ 26ರಂದು. 2022ರ ಜನವರಿ 21ರಂದು ಅದನ್ನು ರಾಷ್ಟ್ರೀಯ ಯುದ್ಧ ಸ್ಮಾರಕದ ಜ್ಯೋತಿಯಲ್ಲಿ ಲೀನಗೊಳಿಸಿದರು. ಹಗಲಿರುಳು ಕಾಯುವ ಸಿಬ್ಬಂದಿಯೂ ಅನಿಲ ಪೂರೈಕೆಯೂ ಇರುವ ಕಡೆ ಅದು ಸರಿ. ಬಡಾವಣೆಯ ಸ್ಮಾರಕದಲ್ಲಿ ಸಿಲಿಂಡರ್ ಇಟ್ಟು ಹಚ್ಚಿದ ಜ್ಯೋತಿ ಉದ್ಘಾಟನೆಯ ಮರುವಾರವೇ ಆರುತ್ತದೆ. ಆ ಹಣದಲ್ಲಿ ಇನ್ನೆರಡು ಹಳ್ಳಿಗಳಿಗೆ ಹೋಗಿ ಬಿಟ್ಟುಹೋದ ಹೆಸರುಗಳನ್ನು ವಿಚಾರಿಸಿ ಬರಬಹುದು.